ಮನೆಯೊಡತಿಯ ‘ಉಂಟಾ?’

ಸಂಜೆ ನಾಲ್ಕು ಇಪ್ಪತ್ತಕ್ಕೆ ಜಾರ್ಜಿಯಾದ ಬೆಟ್ಟದ ರಸ್ತೆಯಲ್ಲಿ ನಮ್ಮ ವ್ಯಾನು ಜಾರಿತು. ಹಿಂದಿನ ಚಕ್ರವೊಂದು ಕಣಿವೆಯ ಮೇಲೆ ತೂಗುತ್ತಿತ್ತು. ಯಾರೂ ಕದಲಬೇಡಿ ಎಂದು ಡ್ರೈವರ್ ಕೈಸನ್ನೆ ಮಾಡಿದ. ಆಗಲೇ ನನ್ನ ಗಂಡನ ಫೋನು ರಿಂಗಾಯಿತು.

ಮಾಡಿದ್ದು ಊರಿನಿಂದ, ಮುಳ್ಳೇರಿಯದಲ್ಲಿ ನಮಗೆ ಮಹಡಿ ಬಾಡಿಗೆಗೆ ಕೊಟ್ಟ ಚೇಚಿ. ಅವರ ಮನೆಮಾತು ಮಲಯಾಳ; ಚೇಚಿ ಎಂದರೆ ಅಕ್ಕ. ನಾವು ವಸ್ತುಗಳಿಗಷ್ಟೇ ಹೇಳುವ ‘ಉಂಟು’ ಅವರ ಕನ್ನಡದಲ್ಲಿ ಮನುಷ್ಯರಿಗೂ ಸಲ್ಲುತ್ತಿತ್ತು. ದಿನಾ ಬೆಳಿಗ್ಗೆ ಹೆಗಲ ತೋರ್ತಿನಲ್ಲಿ ಕೈ ಒರೆಸುತ್ತ ಮೆಟ್ಟಿಲ ಬುಡದಿಂದ ಕೂಗುವರು: “ಮಕ್ಕಳೇ, ಉಂಟಾ?”

“ನಾವೆಂತ ತೆಂಗಿನಕಾಯಾ ಚೇಚಿ?” ಎಂದು ನಗುತ್ತಿದ್ದೆವು.

ಮದುವೆಯಾದ ವರ್ಷವೇ ಕೆಲಸ ಬಿಟ್ಟು ಇಬ್ಬರೂ ದೇಶ ಸುತ್ತಲು ಹೊರಟೆವು. ಆ ಕೂಗು ಫೋನಿಗೆ ಬಂತು. ಅಂದು ತೂಗುವ ವ್ಯಾನಿನೊಳಗೂ ಅದೇ:

“ಉಂಟಾ?”

“ಉಂಟು, ಚೇಚಿ,” ಗಂಡ ಪಿಸುಗುಟ್ಟಿದ.

“ಎಂತ, ಸ್ವರವೇ ಇಲ್ಲ? ಜಗಳ ಮಾಡಿದ್ದಾ? ಅವಳುಂಟಾ?”

“ನಾನೂ ಉಂಟು,” ಎಂದೆ.

“ಪರದೇಶದಲ್ಲಿ ಜಗಳ ಮಾಡ್ಬೇಡಿ ಮಕ್ಕಳೇ. ಬಿಡಿಸ್ಲಿಕ್ಕೆ ಅಲ್ಲಿ ಯಾರುಂಟು?”

ಮೈ ಅಲುಗಿಸದೆ ನಗುವುದನ್ನು ಅಂದು ಕಲಿತೆವು. ಹಗ್ಗ ಬಂದು ವ್ಯಾನನ್ನು ಬಿಗಿಯುವವರೆಗೂ ಅವರು ನಮಗೆ ರಾಜಿ ಮಾಡಿಸುತ್ತಲೇ ಇದ್ದರು.

ಊರಿಗೆ, ಅದೇ ಮಹಡಿಗೆ ಮರಳಿದ ಮೇಲೂ ಕಣ್ಣು ಮುಚ್ಚಿದರೆ ವ್ಯಾನು ಜಾರುತ್ತಿತ್ತು. ಒಬ್ಬರು ಬೆಚ್ಚಿದರೆ ಇಬ್ಬರೂ ಏಳುತ್ತಿದ್ದೆವು; ಕೆಳಗೆ ಚೇಚಿಯ ದೀಪವೂ ಹೊತ್ತಿಕೊಳ್ಳುತ್ತಿತ್ತು. ಒಂದು ದಿನ ಎಚ್ಚರವಾದಾಗ ಹಾಸಿಗೆಯ ಮೇಲೆಲ್ಲ ಬಿಸಿಲು. ಪಕ್ಕದಲ್ಲಿ ಗಂಡನ ಗೊರಕೆ. ಅಂದು ಕೂಗು ಕೇಳಿರಲಿಲ್ಲ. ಗಾಬರಿಯಿಂದ ಬಾಗಿಲು ತೆರೆದೆ. ಚೇಚಿ ಕೆಳಗಿನ ಮೆಟ್ಟಿಲ ಮೇಲೆ ಕೂತು ಮೀನಿನವನನ್ನು ಗದರುತ್ತಿದ್ದರು:

“ಹಾರ್ನ್ ಹೊಡಿಬೇಡ ಮಾರಾಯ. ಮೇಲೆ ಇಬ್ಬರೂ ಉಂಟು.”