ದುಬೈಯಿಂದ ಅಣ್ಣಿಗೇರಿಗೆ ಎಷ್ಟು ತಾಸು

ಕೈಯಲ್ಲೊಂದು ದಾರದ ತುಂಡಿದ್ದರೆ ಭೂಮಂಡಲವನ್ನೇ ಅಳೆಯಬಹುದೆಂಬ ಅಹಂಕಾರ, ಅಣ್ಣಿಗೇರಿಯಲ್ಲಿ ಭೂಗೋಳ ಕಲಿಸುತ್ತಿದ್ದ ನನಗೆ ಬಹಳ ಕಾಲ ಇತ್ತು. ಜೀವಮಾನದಲ್ಲಿ ಪಂಢರಪುರದಾಚೆ ಕಾಲಿಡದ ನಾನು, ಶಾಲೆಯ ಗ್ಲೋಬಿನ ಮೇಲೆ ದಾರ ಎಳೆದು ಲಂಡನ್ನಿಗೆ ಇಷ್ಟು, ಟೋಕಿಯೊಗೆ ಇಷ್ಟು ಎಂದು ದಿನಕ್ಕೆ ನಾಲ್ಕು ಸಲ ಹಾರಿ ಬರುತ್ತಿದ್ದೆ. ವಿಮಾನ ಹತ್ತಿ ಇಳಿದವರು ನೀವಾಗಿದ್ದರೆ ನಗಬೇಡಿ; ಹತ್ತದವನ ಆತ್ಮವಿಶ್ವಾಸ ಹತ್ತಿದವನಿಗೆ ಎಲ್ಲಿಂದ ಬರಬೇಕು?

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಓಣಿಯ ವೆಲ್ಡರ್ ಶಿವಪ್ಪ ದುಬೈಗೆ ಹೋಗಿ ನಾಲ್ಕು ವರ್ಷವಾಗಿತ್ತು. ಅವನು ಹೋದ ಮೂರು ತಿಂಗಳಿಗೆ ಹುಟ್ಟಿದ ಗಂಗಿಗೆ ಅಪ್ಪನೆಂದರೆ ಗೋಡೆಯ ಮೇಲಿನ ಫೋಟೊ. ಒಂದು ಸೋಮವಾರ ಅವನ ಹೆಂಡತಿ ಶಾಂತವ್ವ ತಂತಿಯ ಕಾಗದ ಹಿಡಿದು ಶಾಲೆಗೇ ಬಂದಳು. ಮರುದಿನ ಮುಂಜಾನೆಯ ವಿಮಾನಕ್ಕೆ ಹೊರಡುತ್ತೇನೆಂದು ಶಿವಪ್ಪ ತಿಳಿಸಿದ್ದ.

"ಎಷ್ಟ ತಾಸಿನ ದಾರಿರೀ ಮಾಸ್ತರ್ರ?"

ದಾರ ಹಿಡಿದೆ. ಸುಮಾರು ಸಾವಿರದ ಒಂಬೈನೂರು ಕಿಲೋಮೀಟರು. "ಮುಂಬಯಿಗೆ ಮೂರ ತಾಸು ನೋಡವ್ವ. ಅಲ್ಲಿಂದ ಹುಬ್ಬಳ್ಳಿಗೆ ಒಂದ ರಾತ್ರಿ ಬಸ್ಸು. ಬುಧವಾರ ಮಧ್ಯಾಹ್ನ ಊಟಕ್ಕ ಮನ್ಯಾಗ ಇರ್ತಾನ," ಎಂದೆ.

ಬುಧವಾರ ಶಾಂತವ್ವ ಹೋಳಿಗೆ ಮಾಡಿದಳು. ಹುಬ್ಬಳ್ಳಿಯಿಂದ ಬಸ್ಸುಗಳು ಬಂದವು, ಹೋದವು, ಶಿವಪ್ಪ ಇಳಿಯಲಿಲ್ಲ. ಸಂಜೆಯ ಹೊತ್ತಿಗೆ ಅವಳು ನನ್ನನ್ನು ಹುಡುಕಿಕೊಂಡು ಮೂರನೆಯ ಸಲ ಬಂದಿದ್ದಳು. "ನಿಮ್ಮ ಲೆಕ್ಕ ತಪ್ಪಿರಬೇಕಲ್ರೀ?" ಎಂದು ಕೇಳಿದಳು. ತಪ್ಪಿರಲಿ ಎಂದು ಅವಳಿಗಿಂತ ಹೆಚ್ಚಾಗಿ ನಾನೇ ಬೇಡುತ್ತಿದ್ದೆ. ರೇಡಿಯೊ ವಾರ್ತೆಯಲ್ಲಿ ವಿಮಾನವೆಂಬ ಶಬ್ದ ಬಂದರೆ ಎದ್ದು ಹೋಗಿ ದನಿ ಹೆಚ್ಚಿಸುತ್ತಿದ್ದೆ. ಕುಳಿತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ರಸ್ತೆಗೆ ಹೋಗಬೇಕೆನಿಸುತ್ತಿತ್ತು.

ಗುರುವಾರ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ವಿಚಾರಿಸುವ ಪ್ರಸಂಗವೇ ಬರಲಿಲ್ಲ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ, ಹಗ್ಗ ಬಿಗಿದ ಎರಡು ಸೂಟ್‌ಕೇಸುಗಳ ನಡುವೆ ಶಿವಪ್ಪ ಕುಳಿತಿದ್ದ.

"ನಿನ್ನೆ ಮುಂಜಾನೇನ ಬಂದೇನ್ರಿ," ಎಂದ, ನನ್ನ ಮುಖ ನೋಡದೆ. "ಒಂದ ಬಸ್ ಬಿಟ್ಟೆ. ಆಮ್ಯಾಲ ಎಲ್ಲಾನೂ ಬಿಟ್ಟೆ."

"ಯಾಕೋ ಮಾರಾಯಾ? ಅಲ್ಲಿ ಅಕಿ ಜೀವಾ ಕೈಯಾಗ ಹಿಡಕೊಂಡ ಕುಂತಾಳ."

"ಮಗಳು ನನ್ನ ನೋಡಿ ಅಂಜಿ ಓಡಿದ್ರ ಏನ ಮಾಡಲ್ರಿ?"

"ಓಡ್ತಾಳ. ಇವತ್ತ ಓಡಿದ್ರ ನಾಳಿಗೆ ಬರ್ತಾಳ. ಹೋಗೂಣು ನಡಿ," ಎಂದು ಒಂದು ಸೂಟ್‌ಕೇಸು ಎತ್ತಿಕೊಂಡೆ. ಮೂವತ್ತೈದು ಕಿಲೋಮೀಟರಿನ ಆ ದಾರಿಯುದ್ದಕ್ಕೂ ಅವನು ಸೀಟಿನ ತುದಿಯಲ್ಲೇ ಕುಳಿತಿದ್ದ. ಶಿರಗುಪ್ಪಿ ದಾಟಿದ ಮೇಲಂತೂ ಎರಡು ಸಲ ಎದ್ದು ನಿಂತ.

ಶಾಂತವ್ವ ಅವನನ್ನು ಕಂಡವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಗಿ ಓಡಿಯೇ ಓಡಿದಳು, ಬಾಗಿಲ ಹಿಂದೆ. ಶಿವಪ್ಪ ಕರೆಯಲಿಲ್ಲ. ಕಟ್ಟೆಯ ಮೇಲೆ ಕುಳಿತು ನಿಧಾನವಾಗಿ ಬೂಟು ಬಿಚ್ಚತೊಡಗಿದ. ಎರಡನೆಯ ಬೂಟು ಬಿಚ್ಚುವ ಹೊತ್ತಿಗೆ ಹುಡುಗಿ ಹೊಸ್ತಿಲಿಗೆ ಬಂದಿದ್ದಳು.

"ನೀ ಎಲ್ಲಿಂದ ಬಂದಿ?"

ಅವನು ಬಿಚ್ಚಿದ ಬೂಟನ್ನು ಬದಿಗಿಟ್ಟ. "ಹುಬ್ಬಳ್ಳಿಯಿಂದ, ನಮ್ಮವ್ವ."

"ಅದ ಇಲ್ಲೇ ಸನೇಕ ಐತಿ," ಎಂದಳು ಗಂಗಿ. ಎಂದವಳು ಬಂದು, ಒಂದು ಮೊಳ ದೂರ ಬಿಟ್ಟು, ಅವನ ಬಾಜೂಕೆ ಕುಳಿತಳು.