ಒಂದೇ ಸಲ ಕೇಳುವ ದೇಶ

ನಮ್ಮ ಭಾವ ದೋಣಿಮಲೈ ಗಣಿಯ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ಈಗ ಆಸ್ಟ್ರೇಲಿಯಾದ ಗಣಿಯೊಂದರಲ್ಲಿ ಯಂತ್ರ ರಿಪೇರಿ ಮಾಡುತ್ತಾರೆ. ಎರಡು ದೇಶಗಳನ್ನು ಹೋಲಿಸಿ ಅಂದರೆ, ಅಲ್ಲೂ ಕೆಂಪು ಧೂಳು, ಇಲ್ಲೂ ಕೆಂಪು ಧೂಳು, ಅಲ್ಲಿ ಅದಕ್ಕೆ ದಿನಾ ನೀರು ಹೊಡೆಯುತ್ತಾರೆ ಎಂದು ಹೇಳಿ ಸುಮ್ಮನಾಗುತ್ತಾರೆ. ನನ್ನ ಅಳತೆಯೇ ಬೇರೆ. ಯಾವ ದೇಶದಲ್ಲಿ ಹೊಟ್ಟೆ ತುಂಬುತ್ತದೆ ಅನ್ನುವುದಷ್ಟೇ ನನಗೆ ಮುಖ್ಯ.

ಹೋದ ವರ್ಷ ಅವ್ವನನ್ನು ಕರೆದುಕೊಂಡು ಅಲ್ಲಿಗೆ, ಅಕ್ಕನ ಮನೆಗೆ ಹೋಗಿದ್ದೆ. ರಸ್ತೆ ನುಣುಪು, ನಲ್ಲಿಯಲ್ಲಿ ಯಾವಾಗಲೂ ನೀರು, ಕರೆಂಟು ಹೋಗುವುದೆಂಬುದೇ ಇಲ್ಲ. ನಮ್ಮ ಹೊಸಪೇಟೆಯ ಮಾನ ಉಳಿಸಲು ಒಂದಾದರೂ ಹುಳುಕು ಸಿಗಲಿ ಎಂದು ಹುಡುಕಿ ಹುಡುಕಿ ಸೋತೆ. ಅಷ್ಟರಲ್ಲಿ ಪಕ್ಕದ ಮನೆಯ ಗಂಡ ಹೆಂಡತಿ ನಮ್ಮನ್ನು ಊಟಕ್ಕೆ ಕರೆದರು.

ನಮ್ಮ ಕಡೆ ಬಡಿಸಲು ಬಂದವರಿಗೆ ಮೊದಲು ಬ್ಯಾಡ ಅನ್ನಬೇಕು. ಎರಡನೇ ಸಲ ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲ ಅವರೇ ಕೈ ಸರಿಸಿ ಸುರಿಯುತ್ತಾರೆ, ನಾವು ಇಷ್ಟ್ಯಾಕ್ರಿ ಅನ್ನುತ್ತಲೇ ತಟ್ಟೆ ಬಳಿಯುತ್ತೇವೆ. ಕೇಳಿದ ಕೂಡಲೇ ಹೂಂ ಅಂದವನನ್ನು ನಮ್ಮ ಓಣಿ ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

ಆ ಮನೆಯಾಕೆ ಹುರಿದ ಆಲೂಗಡ್ಡೆಯ ದೊಡ್ಡ ಬಟ್ಟಲನ್ನು ಮುಂದೆ ಹಿಡಿದು, ಇನ್ನಷ್ಟು ಬೇಕೇ ಎಂದಳು. ನಾನು ಮರ್ಯಾದಸ್ಥ, ಬೇಡ ಅಂದೆ. ಆಕೆ ನಗುನಗುತ್ತಾ ಬಟ್ಟಲನ್ನು ಒಳಗೆ ಒಯ್ದುಬಿಟ್ಟಳು. ಅವ್ವ ತಟ್ಟೆಗೆ ಅಡ್ಡ ಹಿಡಿಯಲು ಎತ್ತಿದ್ದ ಕೈ ಗಾಳಿಯಲ್ಲೇ ಉಳಿಯಿತು. ಕೇಕಿನದೂ ಅದೇ ಗತಿ. ಮನೆಗೆ ಬಂದು ಇಬ್ಬರೂ ಊರಿಂದ ಒಯ್ದಿದ್ದ ಮಂಡಕ್ಕಿಯನ್ನು ಖಾಲಿ ಮಾಡಿದೆವು. ಇಲ್ಲಿ ಒತ್ತಾಯ ಮಾಡುವುದು ತಪ್ಪು, ಬ್ಯಾಡ ಅಂದವರ ಮನಸ್ಸಿಗೆ ಬೆಲೆ ಕೊಡುತ್ತಾರೆ ಎಂದು ಅಕ್ಕ ನಗುತ್ತಾ ವಿವರಿಸಿದಳು. ನನಗೆ ಮೈ ಉರಿಯಿತು. ಅವ್ವನಿಗೆ ಮಾತ್ರ ಆ ಪದ್ಧತಿ ಭಾಳ ಹಿಡಿಸಿಬಿಟ್ಟಿತು.

ಊರಿಗೆ ಬಂದದ್ದೇ ಅದನ್ನು ಜಾರಿಗೆ ತಂದಳು. ಕಂಪ್ಲಿಯಿಂದ ನನ್ನ ಮಾವನವರು ಬಂದಾಗ ಹೋಳಿಗೆ ಬೇಕೇನ್ರಿ ಎಂದು ಒಂದೇ ಸಲ ಕೇಳಿ ಬುಟ್ಟಿ ಮುಚ್ಚಿದಳು. ಪಾಪ, ಅವರು ಬರಿ ತಟ್ಟೆಯ ಮುಂದೆ ಬಹಳ ಹೊತ್ತು ಕೂತೇ ಇದ್ದರು. ಬಡಿಸದವಳು ಅವ್ವ, ಆಮೇಲೆ ಹೆಂಡತಿಯಿಂದ ಅನಿಸಿಕೊಂಡವನು ನಾನು.

ಈ ವರ್ಷ ಅಕ್ಕ, ಭಾವ ರಜೆಗೆ ಬಂದಾಗ ಸಂಡೂರಿನ ಶಾಲೆಯೊಂದರಲ್ಲಿ ಅಕ್ಕನಿಗೆ ಟೀಚರ್ ಕೆಲಸ ಸಿಗುವಂತಾಯಿತು. ನೀನು ಇರುವುದಾದರೆ ನಾನೂ ಇಲ್ಲೇ ಕೆಲಸ ನೋಡಿಕೊಳ್ಳುತ್ತೇನೆ, ಧೂಳಂತೂ ಅದೇ ಎಂದರು ಭಾವ. ಅವ್ವನಿಗೆ ಎಷ್ಟು ಆಸೆಯೆಂದರೆ, ಯಾರಿಗೂ ಹೇಳದೆ ಮೇಲಿನ ಕೋಣೆಗೆ ಬಣ್ಣ ಹೊಡೆಸಿದ್ದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ಇಲ್ಲೇ ಇದ್ದುಬಿಡ್ತೀಯೇನವಾ?"

"ಬ್ಯಾಡ ಬಿಡವ್ವ, ನಿಮಗ್ಯಾಕ ತ್ರಾಸು," ಅಂದಳು ಅಕ್ಕ.

ಅವ್ವ ತಲೆಯಾಡಿಸಿ ಸಾರು ಬಡಿಸಿದಳು. ಮತ್ತೆ ಆ ಮಾತನ್ನೇ ಎತ್ತಲಿಲ್ಲ. ನಾನೇ ಅಕ್ಕನನ್ನು ಕೇಳಹೋದರೆ, ಆಕೆಯ ಮನಸ್ಸಿಗೆ ಬೆಲೆ ಕೊಡು ಎಂದು ನನ್ನನ್ನೇ ಗದರಿದಳು. ಅವ್ವನ ಆಸ್ಟ್ರೇಲಿಯಾ ಪ್ರವಾಸಕ್ಕೆ ನಾನೇ ಟಿಕೆಟ್ ತೆಗೆಸಿದ್ದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಭಾವ ಬ್ಯಾಗುಗಳನ್ನು ಬಸ್ಸಿಗೆ ಹಾಕುತ್ತಿದ್ದರು. ಅಕ್ಕ ನನ್ನ ಪಕ್ಕ ಬಂದು ನಿಂತಳು. ಅವಳ ಕಣ್ಣು ತುಂಬಿತ್ತು.

"ಅವ್ವ ಇನ್ನೊಮ್ಮೆ ಕೇಳ್ತಾಳ ಅಂತ ಕಾಯ್ಕೊಂಡೇ ಕುಂತಿದ್ದೆ ನೋಡೋ."

ನಾನು ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಫೋನು ಆಕೀ ಕೈಯಾಗ ಕೊಡು ಅಂದಳು. ಅಕ್ಕ ಕಿವಿಗಿಟ್ಟುಕೊಂಡು ಕೇಳಿ, ಬ್ಯಾಡವ್ವ ಅಂದಳು. ಅವ್ವ ಮತ್ತೆ ಏನೋ ಅಂದಳು. ಅಕ್ಕ ಮೂಗೊರೆಸಿಕೊಂಡಳು. ಭಾವ ಅಕ್ಕನ ಬ್ಯಾಗನ್ನು ಬಸ್ಸಿನಿಂದ ಕೆಳಗಿಳಿಸಿದರು.