ಬೂದು ಬಟ್ಟೆಯ ಕೆಳಗಿನ ಹೆಸರು: ಉಮಾವತಿಯವರ ಪ್ಯಾಚುಗಳು

ಒಮಾನಿನ ಕನ್ನಡಿಗರಲ್ಲಿ ಅಂಚೆಚೀಟಿ ಕೂಡಿಸುವವರಿದ್ದಾರೆ, ಹಳೆಯ ನಾಣ್ಯ ಕೂಡಿಸುವವರಿದ್ದಾರೆ. ಆದರೆ ಬಾಹ್ಯಾಕಾಶಕ್ಕೆ ಹೋಗಿಬಂದ ತಂಡಗಳ ಪ್ಯಾಚುಗಳನ್ನು, ಅಂದರೆ ಒಂದೊಂದು ಯಾನಕ್ಕೂ ಬೇರೆಬೇರೆಯಾಗಿ ಚಿತ್ರ ಬರೆಸಿ ಯಾತ್ರಿಕರು ಉಡುಪಿಗೆ ಹೊಲಿಸಿಕೊಳ್ಳುವ ಕಸೂತಿ ಬಿಲ್ಲೆಗಳನ್ನು, ಮೂವತ್ತು ವರ್ಷ ಪಟ್ಟುಹಿಡಿದು ಕೂಡಿಸಿ, ಅವುಗಳ ಚರಿತ್ರೆಯನ್ನು ತಾವು ದುಡಿಯುವ ಜಾಗಕ್ಕೇ ಇಳಿಸಿ ತಂದವರು ಶ್ರೀಮತಿ ಉಮಾವತಿಯವರೊಬ್ಬರೇ. ಸೊಹಾರ್‌ನ ಕಾರ್ಖಾನೆಯೊಂದರ ಉಡುಪು ಉಗ್ರಾಣದ ಮುಖ್ಯಸ್ಥೆಯಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಬಗ್ಗೆ ದೊಡ್ಡವರು ದೊಡ್ಡ ಮಾತುಗಳನ್ನು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ, ಬರೆಯಲಿ. ಎತ್ತರದ ಕೆಲಸಕ್ಕೆ ಕೊಳವೆ ಹಲಗೆಗಳ ಅಟ್ಟ, ಅಂದರೆ ಸ್ಕ್ಯಾಫೋಲ್ಡಿಂಗ್, ಕಟ್ಟುವವರಿಗೆ ಅವರು ಏನಾಗಿದ್ದರು ಎಂಬುದನ್ನು ಕಟ್ಟುವವರ ಕಡೆಯಿಂದಲೇ ಹೇಳಬೇಕು.

ಉಡುಪಿ ಕಡೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಉಮಾವತಿಯವರ ವಾಸ ಒಮಾನಿನ ರಾಜಧಾನಿಯ ಹಮ್ರಿಯಾ ಬಡಾವಣೆಯಲ್ಲಿ. ಪತಿ ಸಂಕಪ್ಪನವರಿಗೆ ಆಫೀಸಿನ ಎಸಿ ಚಳಿ ತಡೆಯದೆಂದು ಕೆಳಗಿನ ಹಳೆಬಟ್ಟೆ ಅಂಗಡಿಯಿಂದ ಜಾಕೆಟ್ಟೊಂದನ್ನು ತಂದರೆ, ಅದರ ಎದೆಯಲ್ಲಿ ಅಮೆರಿಕದ ಶಟಲ್ ಯಾನವೊಂದರ ಪ್ಯಾಚ್; ಅದರ ಅಂಚಿಗೆ ಸುತ್ತಲೂ ಯಾತ್ರಿಕರ ಹೆಸರು. "ಇಷ್ಟು ಜನರನ್ನು ಎದೆ ಮೇಲೆ ಹೊತ್ತುಕೊಂಡು ನಾನು ಬಸ್ಸು ಹತ್ತುವುದಾ ಮಾರಾಯ್ತಿ?" ಎಂದು ಸಂಕಪ್ಪನವರು ನಕ್ಕರಂತೆ. ಜಾಕೆಟ್ ಅವರಿಗೆ, ಪ್ಯಾಚ್ ಇವರಿಗೆ ಎಂದು ಪಾಲಾಯಿತು.

ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ದೇಶದೇಶಗಳ ಸಂಗ್ರಾಹಕರೊಡನೆ ಅಂಚೆಯಲ್ಲಿ ಪ್ಯಾಚು ಕೊಟ್ಟು ಪ್ಯಾಚು ತರಿಸಿಕೊಂಡರು. ಚಂದ್ರನಿಗೆ ಹೋಗಿಬಂದದ್ದೆಂದು ನಂಬಿಸಿ ಒಬ್ಬ ದಾಟಿಸಿದ ನಕಲನ್ನೂ ಎಸೆಯದೆ, "ಇದು ನಾನು ಪಾಠ ಕಲಿತ ಫೀಸು" ಎನ್ನುತ್ತ ಆಲ್ಬಮ್ಮಿನಲ್ಲೇ ಇಟ್ಟುಕೊಂಡರು. ಬಾಹ್ಯಾಕಾಶಕ್ಕೆ ಹೋದ ಮೊದಲ ಹೆಣ್ಣುಮಗಳು ಕಿತ್ತಳೆ ಬಣ್ಣದ ಹೊರ ಉಡುಪಿನ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಪಾರಿವಾಳದ ಕಸೂತಿ ತೊಟ್ಟಿದ್ದಳೆಂದು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಚಂದ್ರನ ಮೇಲೆ ಮೊದಲು ಇಳಿದ ತಂಡ, ಈ ಕೆಲಸ ಸಾವಿರಾರು ಜನರದ್ದೆಂದು ತಮ್ಮ ಹೆಸರನ್ನೇ ಪ್ಯಾಚಿನಿಂದ ಬಿಟ್ಟಿತ್ತು. "ಅವರಿಗೇನು, ಲೋಕವೆಲ್ಲ ಅವರ ಹೆಸರು ಹೇಳುತ್ತದೆ. ನಮ್ಮ ಕಾರ್ಖಾನೆಯ ಗುತ್ತಿಗೆ ಗ್ಯಾಂಗಿನವರಿಗೆ ಹಾಗಲ್ಲ" ಎಂಬುದು ಉಮಾವತಿಯವರ ವಾದ.

ಆ ವಾದದಿಂದಲೇ ಸೊಹಾರ್‌ನ ಪದ್ಧತಿ ಹುಟ್ಟಿತು. ವರ್ಷಕ್ಕೊಮ್ಮೆ ಕಾರ್ಖಾನೆಯನ್ನು ನಿಲ್ಲಿಸಿ, ಟ್ಯಾಂಕು ಕೊಳವೆಗಳನ್ನು ಬಿಚ್ಚಿ ರಿಪೇರಿ ಮಾಡುವ ಶಟ್‌ಡೌನ್ ಎಂಬುದುಂಟು. ಗುತ್ತಿಗೆಯ ಗ್ಯಾಂಗುಗಳು ಎಲ್ಲೆಲ್ಲಿಂದಲೋ ಬಂದು, ಬೆವರು ಸುರಿಸಿ, ಬಂದ ದಾರಿಯಲ್ಲೇ ಹೋಗುತ್ತವೆ. ಇವರು ಒಂದೊಂದು ಗ್ಯಾಂಗಿಗೂ ಒಂದು ಪ್ಯಾಚ್ ಬರೆದು, ಅಂಚಿನಲ್ಲಿ ಗ್ಯಾಂಗಿನ ಎಲ್ಲರ ಹೆಸರು ಹೊಲಿಸಿದರು.

ಮೊದಲ ವರ್ಷವೇ ಎಡವಟ್ಟು. ಬೆಂಕಿ ತಾಳುವ, ಮೈತುಂಬ ತೊಡುವ ಕವರಾಲ್‌ಗಳ ಮೇಲೆ ಸಾದಾ ಪಾಲಿಯೆಸ್ಟರ್ ನೂಲಿನ ಪ್ಯಾಚು. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವಂಥದ್ದು. ಬೆಂಕಿಯಲ್ಲಿ ಮೂವರು ಯಾತ್ರಿಕರು ಸತ್ತ ಮೇಲೆ ಅಮೆರಿಕದವರೇ ಯಾತ್ರಿಕರ ಉಡುಪಿಗೆ ಕಸೂತಿ ಬಿಟ್ಟು, ಉರಿಯದ ಗಾಜುನೂಲಿನ ಬಟ್ಟೆಯ ಮೇಲೆ ಚಿತ್ರ ಅಚ್ಚುಹಾಕತೊಡಗಿದ್ದು ಇವರಿಗೆ ಗೊತ್ತಿತ್ತು, ಗೊತ್ತಿದ್ದೂ ಮರೆತಿದ್ದರು. ಸೇಫ್ಟಿಯವರು ಬೈದದ್ದನ್ನು ತಲೆಬಾಗಿ ಕೇಳಿ, ಒಂದೊಂದನ್ನೂ ಕೂತು ತಾವೇ ಬಿಚ್ಚಿದರು. ಅಂದಿನಿಂದ ಪ್ಯಾಚ್ ಕಂಪನಿಯ ಬಟ್ಟೆಗಲ್ಲ, ಅವರವರ ಸ್ವಂತ ಬಟ್ಟೆಗೆ ಎಂದಾಯಿತು: ಶುಕ್ರವಾರದ ರಜೆಯ ಶರ್ಟಿಗೆ, ಟೋಪಿಗೆ, ಊರಿಗೆ ಹೋಗುವ ಬ್ಯಾಗಿಗೆ. ಬರಬರುತ್ತ ಬೇರೆ ಗುತ್ತಿಗೆದಾರರು ಟೋಪಿ ನೋಡಿಯೇ ಕೆಲಸಕ್ಕೆ ಕರೆಯತೊಡಗಿದರು. ಸೊಹಾರ್ ಪ್ಯಾಚಿನಲ್ಲಿ ಹೆಸರಿದ್ದರೆ ಆ ಮನುಷ್ಯ ಶಟ್‌ಡೌನ್ ನೋಡಿದವನು.

ಈ ವರ್ಷ ಆದದ್ದನ್ನು ಬರೆಯದಿದ್ದರೆ ಚೆನ್ನ ಎಂದು ಸಂಪಾದಕರು ನಯವಾಗಿ ಹೇಳಿದ್ದರು. ಬರೆದಾಗಿದೆ.

ಸ್ಕ್ಯಾಫೋಲ್ಡಿಂಗ್ ಗ್ಯಾಂಗಿನ ಮುಖಂಡ ಇಸುಬು, ಒಳಗೆ ವಿಷಗಾಳಿಯಿಲ್ಲ ಎಂದು ಬೆಳಗ್ಗೆ ಕೊಟ್ಟ ಗ್ಯಾಸ್ ಟೆಸ್ಟಿನ ಚೀಟಿ ನಂಬಿ ಮಧ್ಯಾಹ್ನ ಜನರನ್ನು ಟ್ಯಾಂಕಿನೊಳಗೆ ಇಳಿಸಲಾರೆ, ಹೊಸದಾಗಿ ಟೆಸ್ಟ್ ಮಾಡಿಸಿ ಎಂದು ನಿಂತುಬಿಟ್ಟ. ಮ್ಯಾನೇಜರನಿಗೆ ಕೆಲಸ ತಡವಾದ ಉರಿ. ಅಂದೇ ಇಸುಬು ಗೇಟಿನ ಹೊರಗೆ. ಅವನನ್ನು ಅಟ್ಟಿದ ಮೇಲೆ ಸದ್ದಿಲ್ಲದೆ ಟೆಸ್ಟ್ ಮಾಡಿಸಿಯೇ ಗ್ಯಾಂಗನ್ನು ಇಳಿಸಿದರು ಎಂಬುದನ್ನೂ ಓದುಗರು ತಿಳಿದಿರಲಿ. ಆ ಮ್ಯಾನೇಜರನ ಹೆಸರು ಇಲ್ಲಿ ಬರುವುದಿಲ್ಲ. ಯಾವ ಪ್ಯಾಚಿನ ಮೇಲೂ ಬಂದದ್ದಿಲ್ಲ. ಇಸುಬು ಇನ್ನು ದೂರದ ಇಬ್ರಿ ಊರಿನಲ್ಲಿ ಕೆಲಸ ಹುಡುಕಬೇಕು. ಶಟ್‌ಡೌನ್ ನಡುವೆ ಹೊರಬಿದ್ದವನನ್ನು ಯಾರು ಸೇರಿಸುತ್ತಾರೆ? ಪ್ಯಾಚೊಂದೇ ಅವನ ಪರ ಮಾತಾಡಬಲ್ಲದಾಗಿತ್ತು. ಅದು ಹೊಲಿದು ಬಂದಾಗಿತ್ತು, ಅವನ ಹೆಸರಿನ ಸಮೇತ.

ಮ್ಯಾನೇಜರ್ ಉಮಾವತಿಯವರನ್ನು ಕರೆಸಿದ.

"ಸೈಟಿನಲ್ಲಿಲ್ಲದವನ ಹೆಸರು ಯಾಕೆ ಮೇಡಂ? ತೆಗೆಸಿ."

"ಬಿಚ್ಚಿದರೆ ಬಟ್ಟೆ ಹರಿಯುತ್ತದೆ ಸರ್."

"ಹಾಗಾದರೆ ಮುಚ್ಚಿಸಿ, ಖಲಾಸ್. ಇನ್ನೊಂದು ವರ್ಷ ಕೆಲಸಕ್ಕಿಡುವ ನಿಮ್ಮ ಎಕ್ಸ್‌ಟೆನ್ಶನ್ ಫೈಲ್ ನನ್ನ ಮೇಜಿನ ಮೇಲೇ ಇದೆ."

"ನೋಡಿದೆ ಸರ್. ಪಕ್ಕದಲ್ಲೇ ಆ ಬೆಳಗಿನ ಗ್ಯಾಸ್ ಟೆಸ್ಟಿನ ಚೀಟಿಯೂ ಇದೆ."

ಮನೆಗೆ ಬಂದು, ಬೂದು ಬಟ್ಟೆಯ ಸಣ್ಣ ತುಂಡುಗಳನ್ನು ಕತ್ತರಿಸಿ ಹೆಸರಿನ ಮೇಲಿಟ್ಟು ಹೊಲಿಯುತ್ತ ಕೂತರು. ಸಂಕಪ್ಪನವರಿಗೆ ಬೇಸರವಾಯಿತು.

"ಅಂತೂ ಮುಚ್ಚಿದೆ."

"ಮುಚ್ಚಲು ಹೇಳಿದರು. ಎಷ್ಟು ಗಟ್ಟಿಯಾಗಿ ಅಂತ ಹೇಳಲಿಲ್ಲ."

ಕೊನೆಯ ದಿನ ಬಸ್ಸಿನ ಹತ್ತಿರ ಪ್ಯಾಚ್ ಹಂಚಿದಾಗ ಗ್ಯಾಂಗಿನ ಹಿರಿಯ ಫಕೀರಪ್ಪ ಬೂದು ತುಂಡನ್ನು ನೋಡಿ ಪ್ಯಾಚನ್ನು ಹಿಂದಕ್ಕೆ ಚಾಚಿದ. "ನಮಗ ಬ್ಯಾಡ್ರಿ ಅಕ್ಕಾರ. ನೀವೂ ಅವರ ಕಡೆಯವ್ರ ಆದ್ರಿ."

ಉಮಾವತಿಯವರು ಸಿಟ್ಟಾಗಲಿಲ್ಲ. ಅಮೆರಿಕದ ಯಾತ್ರಿಕರು ಮೊದಲ ಬಾರಿಗೆ ಪ್ಯಾಚ್ ತೊಟ್ಟದ್ದು ಸಾವಿರದ ಒಂಬೈನೂರ ಅರವತ್ತೈದರಲ್ಲಿ, ಎಂದು ಅಲ್ಲೇ ನಿಂತು ಹೇಳಿದರು. ಎಂಟು ದಿನ ಮೇಲಿದ್ದು ಬರುತ್ತೇವೆಂದು ಅದರ ಮೇಲೆ ಜಂಬದಿಂದ ಬರೆಸಿಕೊಂಡಿದ್ದರು. ಆಗದೆ ಹೋದರೆ ಜನ ನಗುತ್ತಾರೆಂದು ಮೇಲಧಿಕಾರಿಗಳು ಆ ಅಕ್ಷರಗಳ ಮೇಲೆ ಬಟ್ಟೆಯ ತುಂಡು ಹೊಲಿಸಿದರು. "ಹೊಲಿದರೇನು, ಅಕ್ಷರ ಕೆಳಗೆ ಹಾಗೇ ಇತ್ತು. ಕೆಲಸ ಮುಗಿದ ಮೇಲೆ ಮುಚ್ಚಿಡುವ ಅಗತ್ಯ ಬೀಳಲಿಲ್ಲ. ನಿಮ್ಮ ಕೆಲಸ ಮುಗಿಯಿತಲ್ಲ ಫಕೀರಪ್ಪ? ನೂಲಿಗೆ ನಾನು ಗಂಟು ಹಾಕಿಲ್ಲ ಮಾರಾಯ್ರೆ."

ಫಕೀರಪ್ಪ ಒಂದು ತುದಿ ಹಿಡಿದು ಎಳೆದ. ಬೂದು ತುಂಡು ಕೈಗೇ ಬಂತು. ಉಳಿದವರೂ ಎಳೆದು, ಪ್ಯಾಚನ್ನು ಪಿನ್ನಿನಿಂದ ಟೋಪಿಗೆ ಸಿಕ್ಕಿಸಿಕೊಂಡರು. ಬಸ್ಸು ಗೇಟು ದಾಟುವಾಗ ಗ್ಯಾಂಗಿನ ಎಲ್ಲರ ಟೋಪಿಯ ಮೇಲೂ ಇಸುಬುವಿನ ಹೆಸರು ಮೊದಲಿನ ಜಾಗದಲ್ಲೇ ಇತ್ತು, ಮತ್ತು ಮ್ಯಾನೇಜರ್ ಗೇಟಿನಲ್ಲೇ ನಿಂತು ಅದನ್ನು ನೋಡಿದ. ಎಕ್ಸ್‌ಟೆನ್ಶನ್ ಫೈಲ್ ಸಹಿಯಿಲ್ಲದೆ ವಾಪಸು ಬಂತು. ವಯಸ್ಸಿನ ಕಾರಣ ಎನ್ನುವವರು ಎನ್ನಲಿ.

ಇಸುಬುವಿನ ಪ್ಯಾಚಿಗೆ ಉಮಾವತಿಯವರು ತುಂಡು ಹೊಲಿದಿರಲೇ ಇಲ್ಲ. ನೇರ ಅವನ ಕೈಗೇ ಮುಟ್ಟಿಸಿದ್ದರು. ಇಬ್ರಿಯಲ್ಲಿ ಸೈಟ್ ನೋಡಿಕೊಳ್ಳುವ ಕೆಂಪಣ್ಣ ಎಂಬವರು, "ನಡುವೆ ಯಾಕೆ ಬಿಟ್ಟೆ?" ಎಂದು ಕೇಳಿದಾಗ ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ನಾನೇ ಬಿಟ್ಟು ಓಡಿದವನಾದರೆ ನನ್ನ ಹೆಸರು ಯಾರು ಇಡ್ತಿದ್ರು ಸರ್?" ಕೆಂಪಣ್ಣ ಅಂಚನ್ನು ಬೆರಳಿನಿಂದ ಸವರಿ, "ಉಮಕ್ಕನ ಕೈಯದ್ದು. ನಾಳೆ ಬಾ, ಗ್ಯಾಂಗ್ ನೋಡಿಕೋ" ಎಂದರಂತೆ.

ಸುದ್ದಿ ಬಂದಾಗ ಸಂಕಪ್ಪನವರು, "ನಿನ್ನದು ಹೋಯಿತು, ಅವನದ್ದು ಬಂತು" ಎಂದರು. "ನನಗೆ ಅರವತ್ತಾಯಿತು. ಅವನಿಗೆ ನಲವತ್ತೂ ಆಗಿಲ್ಲ" ಎಂದಷ್ಟೇ ಹೇಳಿ ಉಮಾವತಿಯವರು ಕನ್ನಡಕ ಒರೆಸಿಕೊಂಡರು.

ಇಬ್ರಿಯ ಹೊಸ ಗ್ಯಾಂಗು ತಮಗೂ ಒಂದು ಪ್ಯಾಚ್ ಬರೆದುಕೊಡಿ ಎಂದು ಕೇಳಿದೆ. ಚಹಾ ತರುವವನ ಹೆಸರು ಬಿಟ್ಟಿದ್ದೀರಿ, ಅದನ್ನೂ ಕಳಿಸಿ ಎಂದು ಇವರು ಹೇಳಿ ಕಳಿಸಿದ್ದಾರೆ. ಪೂಜ್ಯ ಉಮಾವತಿಯವರ ಕಣ್ಣು ಮಂಜಾಗದಿರಲಿ, ಬೆರಳು ನಡುಗದಿರಲಿ. ಸಂಕಪ್ಪನವರ ಜೊತೆ ನೂರು ಕಾಲ ಬಾಳಲಿ. ಹೆಸರು ಹೊಲಿಸಿಕೊಳ್ಳಬೇಕಾದ ಜನ ಈ ಮರಳಿನಲ್ಲಿ ಇನ್ನೂ ಬಹಳ ಇದ್ದಾರೆ.